ಸ್ವರ ಕಲಿಸುವವರ ಕಿವಿ: ಸಂಗೀತ ಶಿಕ್ಷಕರಲ್ಲಿ ಶ್ರವಣನಷ್ಟ

ನಮ್ಮ ಭಾಗದ ಶಾಲೆಗಳಲ್ಲಿ ದಿನವು ನಾದದಿಂದಲೇ ಆರಂಭವಾಗುತ್ತದೆ. ಗಂಟೆ ಬಾರಿಸುತ್ತದೆ, ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಸಂಗೀತ ಶಿಕ್ಷಕರ ಬೆರಳುಗಳು ಹಾರ್ಮೋನಿಯಂ ಮೇಲೆ ಓಡುತ್ತವೆ, ಪ್ರಾರ್ಥನೆ ಕೇಳಿಬರುತ್ತದೆ. ಜುಲೈ ಬಂದಿತೆಂದರೆ ಸ್ವಾತಂತ್ರ್ಯೋತ್ಸವದ ಪಥಸಂಚಲನಕ್ಕೆ ಬ್ಯಾಂಡಿನ ತಾಲೀಮು, ಶ್ರಾವಣದಲ್ಲಿ ವಚನಗಾಯನ ಸ್ಪರ್ಧೆ, ಡಿಸೆಂಬರಿನಲ್ಲಿ ವಾರ್ಷಿಕ ಸ್ನೇಹ ಸಮ್ಮೇಳನ, ಜನವರಿಯಲ್ಲಿ ಮತ್ತೆ ಗಣರಾಜ್ಯೋತ್ಸವದ ಬ್ಯಾಂಡು. ಮಕ್ಕಳು ವರ್ಷ ವರ್ಷ ಬದಲಾಗುತ್ತಾರೆ. ಆದರೆ ಈ ಎಲ್ಲ ಶಬ್ದದ ನಡುವೆ ಇಪ್ಪತ್ತೈದು, ಮೂವತ್ತು ವರ್ಷ ನಿಲ್ಲುವವರು ಸಂಗೀತ ಶಿಕ್ಷಕರೊಬ್ಬರೇ. ಅವರ ಕಿವಿಗೆ ಏನಾಗುತ್ತದೆ ಎಂಬುದನ್ನು ಶಾಲೆಯವರೂ ಕೇಳುವುದಿಲ್ಲ, ಪಾಲಕರೂ ಕೇಳುವುದಿಲ್ಲ. ವೈದ್ಯರಾದ ನಾವೂ ಬಹುಕಾಲ ಕೇಳಲಿಲ್ಲ. ಆದುದರಿಂದ ಈ ಲೇಖನವನ್ನು ನಮ್ಮದೇ ತಪ್ಪಿನಿಂದ ಆರಂಭಿಸುವುದು ಉಚಿತವೆನಿಸುತ್ತದೆ.

ನಾವು ಕೊಟ್ಟ ಔಷಧಿ, ಬೇಸಿಗೆ ಕೊಟ್ಟ ಗುಣ

ಹಲವು ವರ್ಷಗಳ ಹಿಂದಿನ ಮಾತು. ಪ್ರೌಢಶಾಲೆಯೊಂದರ ಸಂಗೀತ ಶಿಕ್ಷಕರು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ವಯಸ್ಸು ನಲವತ್ತೊಂಬತ್ತು. ಎರಡೂ ಕಿವಿಗಳಲ್ಲಿ ಜೀರುಂಡೆ ಕೂಗಿದಂತೆ ಸದಾ ಗುಂಯ್‌ಗುಟ್ಟುತ್ತದೆ, ರಾತ್ರಿ ಮನೆ ಶಾಂತವಾದಾಗ ಅದು ಇನ್ನೂ ಹೆಚ್ಚು ಎಂದರು. ಪರೀಕ್ಷಿಸಿದೆವು. ಕಿವಿಯಲ್ಲಿ ಗುಗ್ಗೆ ಕಟ್ಟಿರಲಿಲ್ಲ, ಸೋರುವಿಕೆಯೂ ಇರಲಿಲ್ಲ. ಕರ್ಣನಾದವೆಂದು ನಿರ್ಣಯಿಸಿ ಬಿಲ್ವ ತೈಲದಿಂದ ಕರ್ಣಪೂರಣ ಮಾಡಿ, ಹೊಟ್ಟೆಗೆ ಸಾರಿವಾದಿ ವಟಿ ಕೊಟ್ಟೆವು. ಏಪ್ರಿಲ್, ಮೇ ಹೊತ್ತಿಗೆ ತೊಂದರೆ ಬಹಳಷ್ಟು ತಗ್ಗಿತು. ಅವರಿಗೂ ಸಂತೋಷ, ನಮಗೂ ಸಂತೋಷ. ಆಗಸ್ಟಿನಲ್ಲಿ ಅದೇ ತೊಂದರೆಯೊಂದಿಗೆ ಮತ್ತೆ ಬಂದರು. ಅದೇ ಔಷಧಿ ಕೊಟ್ಟೆವು. ಮರುವರ್ಷದ ಬೇಸಿಗೆಯಲ್ಲಿ ಮತ್ತೆ ಕಡಿಮೆ, ಮಳೆಗಾಲದಲ್ಲಿ ಮತ್ತೆ ಹೆಚ್ಚು. ಹೀಗೆ ಮೂರು ವರ್ಷ ನಡೆಯಿತು.

ನಾಲ್ಕನೆಯ ವರ್ಷ ಅವರ ಧರ್ಮಪತ್ನಿಯವರೂ ಜೊತೆಗೆ ಬಂದಿದ್ದರು. “ಡಾಕ್ಟರೇ, ಅಡಗಿ ಮನ್ಯಾಗ ಕುಕ್ಕರ್ ಸೀಟಿ ಹೊಡದ್ರ ಪಡಸಾಲ್ಯಾಗ ಕೂತ ಇವರಿಗೆ ಕೇಳಸೂದ ಇಲ್ರಿ. ಅನ್ನ ಹೊತ್ತಿ ವಾಸನಿ ಬಂದಮ್ಯಾಲ ಏಳ್ತಾರ” ಎಂದರು. ಶಿಕ್ಷಕರು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಂಬೂರಿ ತಂತಿ ಹಳೇವಾಗ್ಯಾವ ಅಂತ ಎರಡ ಸಲ ಬದಲಿ ಮಾಡಿಸಿದ್ನಿರಿ. ಹಳೇದಾಗಿದ್ದು ತಂತಿ ಅಲ್ರಿ, ನನ್ನ ಕಿವಿ” ಎಂದರು.

ಆಗ ನಮಗೆ ಎಚ್ಚರವಾಯಿತು. ಅವರನ್ನು ಕಿವಿ, ಮೂಗು, ಗಂಟಲು ತಜ್ಞರ ಬಳಿ ಕಳುಹಿಸಿ ಶ್ರವಣ ಪರೀಕ್ಷೆ, ಅಂದರೆ ಆಡಿಯೋಮೆಟ್ರಿ ಮಾಡಿಸಿದೆವು. ನಕ್ಷೆಯಲ್ಲಿ ತಗ್ಗಿನ ಸ್ವರಗಳೆಲ್ಲ ಹೆಚ್ಚುಕಡಿಮೆ ಸರಿಯಾಗಿದ್ದವು. 4000 ಹರ್ಟ್ಜ್ ಬಳಿ ಮಾತ್ರ ಎರಡೂ ಕಿವಿಗಳ ಗೆರೆ ಬಾವಿಯಲ್ಲಿ ಇಳಿದಂತೆ ಇಳಿದು, 8000 ಹರ್ಟ್ಜ್ ಬಳಿ ತುಸು ಮೇಲೆ ಬಂದಿತ್ತು. ತಜ್ಞರು ಕೇಳಿದ ಮೊದಲ ಪ್ರಶ್ನೆ, “ನೀವು ಯಾವ ಗಿರಣಿಯಲ್ಲಿ ಕೆಲಸ ಮಾಡಿದಿರಿ?” ಎಂಬುದು. ಅವರು ಗಿರಣಿಯ ಹೊಸ್ತಿಲನ್ನು ತುಳಿದವರಲ್ಲ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಹಾಡು ಮತ್ತು ಬ್ಯಾಂಡು ಕಲಿಸಿದವರು.

ಮೂರು ವರ್ಷ ಬೇಸಿಗೆಯಲ್ಲಿ ಅವರ ಕರ್ಣನಾದ ತಗ್ಗಿದ್ದು ನಮ್ಮ ತೈಲದಿಂದಲ್ಲ, ಶಾಲೆಗೆ ರಜೆ ಇದ್ದುದರಿಂದ. ರೋಗವು ತನ್ನ ಕಾರಣವನ್ನು ಪ್ರತಿ ಜೂನ್ ತಿಂಗಳಲ್ಲಿ ನಮ್ಮ ಮುಂದೆ ಇಡುತ್ತಿತ್ತು. ನಾವು ನೋಡಲಿಲ್ಲ. ಆ ಮೂರು ವರ್ಷಗಳಲ್ಲಿ ಅವರು ಕಳೆದುಕೊಂಡದ್ದನ್ನು ಯಾರೂ ಮರಳಿ ಕೊಡಲಾರರು.

ಕಿವಿಯೊಳಗೆ ನಡೆಯುವುದೇನು?

ಶಬ್ದವೆಂಬುದು ಗಾಳಿಯ ಕಂಪನ. ಅದು ಕಿವಿಯ ನಾಳದೊಳಗೆ ಸಾಗಿ ಕಿವಿತಮಟೆಯನ್ನು ಕಂಪಿಸುತ್ತದೆ. ತಮಟೆಯ ಹಿಂದಿರುವ ಮೂರು ಪುಟ್ಟ ಮೂಳೆಗಳು ಆ ಕಂಪನವನ್ನು ಒಳಗಿವಿಗೆ ದಾಟಿಸುತ್ತವೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ, ದ್ರವ ತುಂಬಿದ ಅಂಗವೊಂದಿದೆ. ಅದಕ್ಕೆ ಕಾಕ್ಲಿಯಾ ಎನ್ನುತ್ತಾರೆ. ಅದರೊಳಗೆ ಸಾಲಾಗಿ ಜೋಡಿಸಿದಂತೆ ಸುಮಾರು 15,000 ರೋಮಕೋಶಗಳಿವೆ. ದ್ರವದ ಅಲೆಗೆ ಇವುಗಳ ತಲೆಯ ಮೇಲಿನ ಸೂಕ್ಷ್ಮ ರೋಮಗಳು ಬಾಗುತ್ತವೆ, ಆ ಬಾಗುವಿಕೆಯೇ ವಿದ್ಯುತ್ ಸಂಕೇತವಾಗಿ ಶ್ರವಣನರದ ಮೂಲಕ ಮಿದುಳನ್ನು ಸೇರುತ್ತದೆ.

ಹುಲ್ಲಿನ ಮೇಲೆ ಒಮ್ಮೆ ನಡೆದರೆ ಹುಲ್ಲು ಬಾಗುತ್ತದೆ, ಮರುದಿನ ಮತ್ತೆ ನೆಟ್ಟಗಾಗುತ್ತದೆ. ಅದೇ ಜಾಗದಲ್ಲಿ ಪ್ರತಿದಿನ ನಡೆದರೆ ಕಾಲುದಾರಿ ಬೀಳುತ್ತದೆ, ಅಲ್ಲಿ ಹುಲ್ಲು ಇರುವುದಿಲ್ಲ. ರೋಮಕೋಶಗಳ ಸ್ಥಿತಿಯೂ ಹೀಗೆಯೇ. ಬ್ಯಾಂಡಿನ ತಾಲೀಮು ಮುಗಿದ ಮೇಲೆ ಕಿವಿ ಹತ್ತಿಯಿಟ್ಟಂತೆ ಮಂದವಾಗುವುದು, ಗುಂಯ್ ಎನ್ನುವುದು, ಬೆಳಗಾಗುವುದರೊಳಗೆ ಸರಿಹೋಗುವುದು ಎಲ್ಲರ ಅನುಭವ. ಆದರೆ ದಣಿದ ಕೋಶಕ್ಕೆ ವಿಶ್ರಾಂತಿ ದೊರೆಯುವ ಮೊದಲೇ ಮತ್ತೆ ಮತ್ತೆ ಪೆಟ್ಟು ಬಿದ್ದರೆ ಅದು ಸಾಯುತ್ತದೆ. ಹುಲ್ಲಾದರೂ ಮಳೆ ಬಂದರೆ ಮತ್ತೆ ಚಿಗುರೀತು, ಮನುಷ್ಯನ ಕಿವಿಯಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಅಷ್ಟೇ ಅಲ್ಲ, ಮರುದಿನ ಸರಿಹೋದಂತೆ ಕಂಡ ಕಿವಿಯೂ ಪೂರ್ಣ ಸರಿಯಾಗಿರದೆ ಇರಬಹುದು. ಅಮೆರಿಕದ ವಿಜ್ಞಾನಿಗಳಾದ ಶಾರನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್‌ಮನ್ 2009ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ಇದನ್ನು ತೋರಿಸಿದರು. ಜೋರು ಶಬ್ದದ ನಂತರ ಇಲಿಗಳ ಶ್ರವಣಮಟ್ಟ ಕೆಲವು ದಿನಗಳಲ್ಲಿ ಮರಳಿತ್ತು, ಆದರೆ ರೋಮಕೋಶ ಮತ್ತು ನರದ ನಡುವಿನ ಸಂಪರ್ಕಗಳಲ್ಲಿ ಅನೇಕವು ಶಾಶ್ವತವಾಗಿ ಕಡಿದುಹೋಗಿದ್ದವು.

ಮೊದಲ ಪೆಟ್ಟು ಸಾಮಾನ್ಯವಾಗಿ 3000ದಿಂದ 6000 ಹರ್ಟ್ಜ್ ನಡುವಿನ ಎತ್ತರದ ಧ್ವನಿಗಳಿಗೆ ಬೀಳುತ್ತದೆ. ಕಿವಿಯ ನಾಳವು ತನ್ನ ಆಕಾರದಿಂದಲೇ 3000 ಹರ್ಟ್ಜ್ ಸುತ್ತಲಿನ ಶಬ್ದವನ್ನು ಹೆಚ್ಚಿಸಿ ಒಳಗೆ ಕಳುಹಿಸುವುದು ಇದಕ್ಕೆ ಒಂದು ಕಾರಣ. ಸಂಗೀತ ಶಿಕ್ಷಕರಿಗೆ ರೋಗ ತಡವಾಗಿ ತಿಳಿಯುವುದೂ ಇದರಿಂದಲೇ. ನಾವು ಹಾಡುವ ಮಧ್ಯ ಸಪ್ತಕದ ಷಡ್ಜವು ಕೆಲವು ನೂರು ಹರ್ಟ್ಜ್ ಒಳಗಿನದು. ತಾರ ಸಪ್ತಕಕ್ಕೆ ಏರಿದರೂ ಮೂಲಸ್ವರವು 4000ದ ಹತ್ತಿರ ಹೋಗುವುದಿಲ್ಲ. ಆದ್ದರಿಂದ ಸ್ವರ ಕೇಳುತ್ತದೆ, ಶ್ರುತಿ ತಿಳಿಯುತ್ತದೆ, ಪಾಠ ನಡೆಯುತ್ತದೆ. ಇಲ್ಲವಾಗುವುದು ಸ್ವರದ ಮೇಲಿನ ಹೊಳಪು, ತಂಬೂರಿಯ ಜವಾರಿ, ತಬಲಾದ ಚಾಟಿಯ ಮೊನಚು. ಮಾತಿನಲ್ಲಿ ಇಲ್ಲವಾಗುವುದು ಸ, ಶ, ತ, ಕ ಮೊದಲಾದ ವ್ಯಂಜನಗಳ ಸ್ಪಷ್ಟತೆ. “ಸಾಲು” ಎಂದದ್ದು “ಹಾಲು” ಎಂದಾಗುತ್ತದೆ, “ತಾಳು” ಎಂದದ್ದು ಇನ್ನೇನೋ ಆಗುತ್ತದೆ. ಇಂಥವರು “ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ” ಎನ್ನುತ್ತಾರೆ. ಮನೆಯವರು ಇದನ್ನು ಅಲಕ್ಷ್ಯವೆಂದೂ ಮಕ್ಕಳು ಮಾಸ್ತರರ ಸಿಟ್ಟೆಂದೂ ತಪ್ಪು ತಿಳಿಯುತ್ತಾರೆ.

ಎಷ್ಟು ಶಬ್ದ? ಎಷ್ಟು ಹೊತ್ತು?

ಶಬ್ದದ ಪ್ರಮಾಣವನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. ಈ ಅಳತೆಯ ಗುಟ್ಟನ್ನು ಅರಿಯದೆ ಹೋದರೆ ಮೋಸಹೋಗುತ್ತೇವೆ. ಇದು ಸೇರು, ಕಿಲೋಗಳಂತೆ ಒಂದೊಂದಾಗಿ ಕೂಡುವ ಲೆಕ್ಕವಲ್ಲ. ಪ್ರತಿ 3 ಡೆಸಿಬೆಲ್ ಏರಿದಾಗ ಕಿವಿಗೆ ಬೀಳುವ ಶಬ್ದಶಕ್ತಿ ಎರಡು ಪಟ್ಟಾಗುತ್ತದೆ. 10 ಡೆಸಿಬೆಲ್ ಏರಿದರೆ ಹತ್ತು ಪಟ್ಟು.

ಇಬ್ಬರು ಎದುರುಬದುರು ಕುಳಿತು ಮಾತನಾಡುವಾಗಿನ ಶಬ್ದ ಸುಮಾರು 60 ಡೆಸಿಬೆಲ್. ವೃತ್ತಿಯಲ್ಲಿ ದಿನಕ್ಕೆ 8 ತಾಸು ಇರಬಹುದಾದ ಗರಿಷ್ಠ ಪ್ರಮಾಣ 85 ಡೆಸಿಬೆಲ್ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು ಶಿಫಾರಸು ಮಾಡಿದೆ. ಅದಕ್ಕಿಂತ 3 ಡೆಸಿಬೆಲ್ ಏರಿದಂತೆಲ್ಲ ಸಮಯವನ್ನು ಅರ್ಧಕ್ಕೆ ಇಳಿಸಬೇಕು. 88ಕ್ಕೆ 4 ತಾಸು, 91ಕ್ಕೆ 2 ತಾಸು, 94ಕ್ಕೆ 1 ತಾಸು, 97ಕ್ಕೆ ಅರ್ಧ ತಾಸು, 100ಕ್ಕೆ ಕಾಲು ತಾಸು. ಅಂದರೆ 94 ಡೆಸಿಬೆಲ್ ಶಬ್ದವಿರುವ ಕೋಣೆಯಲ್ಲಿ ನಲವತ್ತು ನಿಮಿಷಗಳ ಎರಡು ಅವಧಿ ಬ್ಯಾಂಡು ಕಲಿಸಿದ ಶಿಕ್ಷಕರು ಮಧ್ಯಾಹ್ನದ ಊಟಕ್ಕೆ ಮೊದಲೇ ಆ ದಿನದ ಪಾಲನ್ನು ಮೀರಿರುತ್ತಾರೆ. ಆಮೇಲೆ ಸಂಜೆ ಭಜನೆ, ರಾತ್ರಿ ಮದುವೆಯ ಆರ್ಕೆಸ್ಟ್ರಾ, ಪ್ರಯಾಣದಲ್ಲಿ ಇಯರ್‌ಫೋನು ಸೇರಿದರೆ ಎಲ್ಲವೂ ಅದೇ ಖಾತೆಗೆ ಜಮೆಯಾಗುತ್ತದೆ. ಕಿವಿಗೆ ಭಕ್ತಿಯ ಶಬ್ದ, ಸಂತೆಯ ಶಬ್ದ ಎಂಬ ಭೇದವಿಲ್ಲ.

ಶಾಲೆಯಲ್ಲಿ ಇಷ್ಟು ಶಬ್ದ ನಿಜವಾಗಿಯೂ ಇರುತ್ತದೆಯೇ ಎಂದು ಯಾರಾದರೂ ಕೇಳಬಹುದು. ಕೆನಡಾ ದೇಶದ ಸಂಶೋಧಕರು 15 ಶಾಲೆಗಳ 18 ಸಂಗೀತ ಶಿಕ್ಷಕರ ಮೈಮೇಲೆ ಶಬ್ದಮಾಪಕಗಳನ್ನು ಕಟ್ಟಿ ಅಳೆದು, 2004ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಶೇಕಡಾ 78ರಷ್ಟು ಶಿಕ್ಷಕರಲ್ಲಿ ಅಳತೆ ಮಾಡಿದ ಸರಾಸರಿ ಶಬ್ದವು 85 ಡೆಸಿಬೆಲ್ ದಾಟಿತ್ತು. ಅದನ್ನು ಪೂರ್ಣ 8 ತಾಸಿನ ಲೆಕ್ಕಕ್ಕೆ ಹೊಂದಿಸಿದಾಗಲೂ ಶೇಕಡಾ 39ರಷ್ಟು ಶಿಕ್ಷಕರು ಮಿತಿಯನ್ನು ಮೀರಿದ್ದರು. ನಮ್ಮಲ್ಲಿಯ ಕೋಣೆಗಳನ್ನು ನೆನೆಯಿರಿ. ಸಿಮೆಂಟಿನ ಗೋಡೆ, ಕಲ್ಲಿನ ನೆಲ, ಮೇಲೆ ತಗಡು, ಒಳಗೆ ನಲವತ್ತು ಮಕ್ಕಳು. ಶಬ್ದ ಹೊರಹೋಗಲು ದಾರಿಯಿಲ್ಲದೆ ಗೋಡೆಯಿಂದ ಗೋಡೆಗೆ ಬಡಿದು ಕಿವಿಗೇ ಮರಳುತ್ತದೆ. ಸೈಡ್ ಡ್ರಮ್, ಝಾಂಜ್, ಬ್ಯೂಗಲ್‌ಗಳು ಹತ್ತಿರದಲ್ಲಿ ಸುಲಭವಾಗಿ 100 ಡೆಸಿಬೆಲ್ ಮುಟ್ಟುತ್ತವೆ, ದೈಹಿಕ ಶಿಕ್ಷಕರ ಸೀಟಿಯೂ ಅಷ್ಟೇ. ಇಷ್ಟಾದರೂ ಕಿವಿ ನೋಯುವುದಿಲ್ಲ. ನೋವು ಹುಟ್ಟುವುದು 120 ಡೆಸಿಬೆಲ್ ಮೇಲೆ. ಅದರ ಕೆಳಗಿನ ಹಾನಿಯೆಲ್ಲ ಸದ್ದಿಲ್ಲದೆ ಆಗುತ್ತದೆ.

ಕಾನೂನಿನ ಒಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಶಾಲೆಗಳ ಸುತ್ತ 100 ಮೀಟರ್ ಪ್ರದೇಶವನ್ನು ಶಾಂತ ವಲಯವೆಂದು ಘೋಷಿಸಬಹುದು, ಅಲ್ಲಿ ಹಗಲಿನ ಮಿತಿ 50 ಡೆಸಿಬೆಲ್. ಕಾರ್ಖಾನೆಯ ಕಾರ್ಮಿಕರಿಗೆ ಶಬ್ದದಿಂದ ಕಿವುಡುತನ ಬಂದರೆ ಕಾನೂನು ಅದನ್ನು ಔದ್ಯೋಗಿಕ ರೋಗವೆಂದು ಗುರುತಿಸುತ್ತದೆ. ಆದರೆ ಶಾಲೆ ಕಾರ್ಖಾನೆಯಲ್ಲ. ಗೇಟಿನ ಹೊರಗೆ ಹಾರ್ನ್ ಹಾಕಬಾರದೆಂಬ ಫಲಕವಿದ್ದರೂ, ಒಳಗಿನ ಸಂಗೀತ ಕೋಣೆಯ ಶಬ್ದವನ್ನು ಅಳೆಯುವವರಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಮಾತಿನ ಸ್ವರಗಳಲ್ಲಿ ಎರಡೂ ಕಿವಿಗಳಿಗೆ 60 ಡೆಸಿಬೆಲ್ ನಷ್ಟವಾದ ಮೇಲೆಯೇ ವ್ಯಕ್ತಿಯನ್ನು ಶ್ರವಣದೋಷವುಳ್ಳವನೆಂದು ಎಣಿಸುತ್ತದೆ. ತಂಬೂರಿಯ ಜವಾರಿಯನ್ನು ಕಳೆದುಕೊಂಡ ಶಿಕ್ಷಕರು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಆಯುರ್ವೇದದ ದೃಷ್ಟಿ

ಈ ರೋಗ ಹೊಸದು, ಯಂತ್ರಯುಗದ್ದು ಎಂದು ಅನೇಕರ ಭಾವನೆ. ಆದರೆ ಚರಕ ಸಂಹಿತೆಯ ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯವನ್ನು ತೆರೆದು ನೋಡಬೇಕು. ಇಂದ್ರಿಯಗಳು ತಮ್ಮ ವಿಷಯದೊಡನೆ ಅತಿಯಾಗಿ ಕೂಡುವುದು ಅತಿಯೋಗ, ಕೂಡದಿರುವುದು ಅಯೋಗ, ತಪ್ಪಾಗಿ ಕೂಡುವುದು ಮಿಥ್ಯಾಯೋಗ. ಈ ಮೂರೂ ರೋಗಕ್ಕೆ ಮೂಲವೆಂದು ಆಚಾರ್ಯರು ಹೇಳುತ್ತಾರೆ. ಕಿವಿಯ ಅತಿಯೋಗಕ್ಕೆ ಅವರು ಕೊಡುವ ಉದಾಹರಣೆಗಳು ಗುಡುಗಿನ ಶಬ್ದ, ಜೋರಾದ ಕೂಗು ಮತ್ತು ಪಟಹ. ಪಟಹವೆಂದರೆ ನಗಾರಿಯಂತಹ ಚರ್ಮವಾದ್ಯ. ವಾದ್ಯದ ಶಬ್ದವೂ ಅಳತೆ ಮೀರಿದರೆ ಕಿವಿಗೆ ರೋಗಕಾರಣವೆಂಬುದನ್ನು ನಮ್ಮ ಹಿರಿಯರು ಆಗಲೇ ಕಂಡಿದ್ದರು.

ಸುಶ್ರುತ ಸಂಹಿತೆಯ ಉತ್ತರತಂತ್ರವು ಕಿವಿಯ 28 ರೋಗಗಳನ್ನು ಹೇಳುತ್ತದೆ. ಕರ್ಣನಾದ ಮತ್ತು ಬಾಧಿರ್ಯ ಅವುಗಳಲ್ಲಿ ಸೇರಿವೆ. ಕರ್ಣನಾದವನ್ನು ಅಲಕ್ಷಿಸಿದರೆ ಬಾಧಿರ್ಯಕ್ಕೆ ದಾರಿಯಾಗಬಹುದೆಂಬುದು ವೈದ್ಯರ ಪರಂಪರಾಗತ ಎಚ್ಚರಿಕೆ. ಅದೇ ಗ್ರಂಥವು ಚಿಕಿತ್ಸೆಯೆಂದರೆ ಸಂಕ್ಷೇಪದಲ್ಲಿ ನಿದಾನ ಪರಿವರ್ಜನ, ಅಂದರೆ ರೋಗಕಾರಣವನ್ನು ದೂರ ಮಾಡುವುದು ಎಂದು ಸಾರುತ್ತದೆ. ನಾವು ಆ ಶಿಕ್ಷಕರಿಗೆ ತೈಲ ಕೊಟ್ಟೆವು, ಕಾರಣವನ್ನು ಕೇಳಲಿಲ್ಲ. ಶಾಸ್ತ್ರದಲ್ಲಿ ಕೊರತೆ ಇರಲಿಲ್ಲ, ಅದನ್ನು ಓದಿದ ನಮ್ಮಲ್ಲಿ ಇತ್ತು.

ಕಿವಿಗೆ ಎಣ್ಣೆ ಹಾಕುವ ಬಗೆಗೆ ಭಕ್ತರು ನಮ್ಮನ್ನು ಮೇಲಿಂದ ಮೇಲೆ ಕೇಳುವುದರಿಂದ ಸ್ಪಷ್ಟವಾಗಿ ಹೇಳುತ್ತೇವೆ. ದಿನಚರ್ಯೆಯಲ್ಲಿ ಕರ್ಣಪೂರಣಕ್ಕೆ ಸ್ಥಾನವಿದೆ. ಉಗುರುಬೆಚ್ಚಗಿನ ಎಳ್ಳೆಣ್ಣೆಯಿಂದ ಒಣ ಕಿವಿಯ ತುರಿಕೆ, ಬಿಗಿತಗಳಿಗೆ ಹಿತವಾಗಬಹುದು. ಆದರೆ ತಮಟೆಯ ಹಿಂದೆ, ಒಳಗಿವಿಯಲ್ಲಿ ಸತ್ತ ರೋಮಕೋಶವನ್ನು ಯಾವ ತೈಲವೂ ಬದುಕಿಸುವುದಿಲ್ಲ, ನಮ್ಮ ವಟಿಯೂ ಇಲ್ಲ, ಅಲೋಪಥಿಯ ಗುಳಿಗೆಯೂ ಇಲ್ಲ. ಕಿವಿ ಸೋರುತ್ತಿದ್ದರೆ, ತಮಟೆಯಲ್ಲಿ ತೂತು ಇದ್ದರೆ, ನೋವು ಮತ್ತು ಜ್ವರ ಇದ್ದರೆ ಎಣ್ಣೆ ಹಾಕಲೇಬಾರದು. ಒಂದು ಮುಂಜಾನೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ನಮ್ಮ ಬಳಿಗೂ ಬರಬೇಡಿ, ಎಣ್ಣೆಯನ್ನೂ ಹಾಕಬೇಡಿ. ಅದೇ ದಿನ, ತಪ್ಪಿದರೆ ಮರುದಿನ, ಕಿವಿ ತಜ್ಞರನ್ನು ಕಾಣಿರಿ. ಅದು ತುರ್ತು ಸ್ಥಿತಿ. ಆ ಕೆಲವು ದಿನಗಳಲ್ಲಿ ದೊರೆಯುವ ಚಿಕಿತ್ಸೆಯಿಂದ ಶ್ರವಣ ಮರಳುವ ಅವಕಾಶವಿದೆ, ತಡವಾದರೆ ಅದು ಕೈತಪ್ಪುತ್ತದೆ.

ಎಚ್ಚರಿಕೆಯ ಲಕ್ಷಣಗಳು

ಸಂಗೀತ ಶಿಕ್ಷಕರು ಕೆಳಗಿನವುಗಳಲ್ಲಿ ಒಂದನ್ನಾದರೂ ಕಂಡರೆ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಬೇಕು.

ತರಗತಿ ಮುಗಿದ ಮೇಲೆ ಕಿವಿ ಮಂದವಾಗುವುದು ಅಥವಾ ಗುಂಯ್‌ಗುಟ್ಟುವುದು. ರಜೆಯಲ್ಲಿ ಇದು ತಗ್ಗಿ, ಶಾಲೆ ಆರಂಭವಾದೊಡನೆ ಹೆಚ್ಚುವುದು.

ಮದುವೆ ಮನೆ, ಸಭೆಗಳಂತಹ ಗದ್ದಲದಲ್ಲಿ ಎದುರಿನವರ ಮಾತು ಬಿಡಿಸಿ ತಿಳಿಯದಿರುವುದು.

ಒಂದೇ ಸ್ವರವು ಎರಡು ಕಿವಿಗಳಿಗೆ ಬೇರೆ ಬೇರೆ ಶ್ರುತಿಯಲ್ಲಿ ಕೇಳಿಸುವುದು.

ಪಾತ್ರೆ ಬಿದ್ದ ಸದ್ದು, ಮಕ್ಕಳ ಕಿರುಚಾಟ ಮೊದಲಾದವು ಮೊದಲಿಗಿಂತ ಹೆಚ್ಚು ಅಸಹನೀಯವಾಗುವುದು.

ಟಿ.ವಿ. ಸದ್ದು ಹೆಚ್ಚಾಯಿತೆಂದು ಮನೆಯವರು ಆಕ್ಷೇಪಿಸುವುದು. ಧ್ವನಿವರ್ಧಕದ ಹೆಚ್ಚಿನ ಸ್ವರಗಳ ಗುಂಡಿಯನ್ನು ವರ್ಷದಿಂದ ವರ್ಷಕ್ಕೆ ಏರಿಸುತ್ತ ಹೋಗುವುದು.

ಮಧುಮೇಹ ಮತ್ತು ಧೂಮಪಾನ ಈ ಹಾನಿಯನ್ನು ಹೆಚ್ಚಿಸುತ್ತವೆ. ಜೆಂಟಾಮೈಸಿನ್, ಅಮಿಕಾಸಿನ್ ಮೊದಲಾದ ಕೆಲವು ಚುಚ್ಚುಮದ್ದುಗಳೂ ಕಿವಿಗೆ ವಿಷಕಾರಿ. ಆದ್ದರಿಂದ ಚಿಕಿತ್ಸೆಗೆ ಹೋದಾಗ ತಾವು ಸಂಗೀತ ಶಿಕ್ಷಕರೆಂಬುದನ್ನು ವೈದ್ಯರಿಗೆ ತಿಳಿಸಬೇಕು.

ಶಿಕ್ಷಕರು ಮಾಡಬಹುದಾದುದು

ಮೊದಲನೆಯದು ಅಳತೆ. ಒಂದು ಮಾರು ದೂರದಲ್ಲಿ ನಿಂತವರೊಡನೆ ಮಾತನಾಡಲು ಧ್ವನಿ ಎತ್ತರಿಸಬೇಕಾದರೆ ಅಲ್ಲಿಯ ಶಬ್ದ 85 ಡೆಸಿಬೆಲ್ ಆಸುಪಾಸಿನಲ್ಲಿದೆ ಎಂದು ತಿಳಿಯಬಹುದು. ಮೊಬೈಲಿನಲ್ಲಿ ಶಬ್ದ ಅಳೆಯುವ ಆ್ಯಪ್‌ಗಳಿವೆ. ಅವು ನಿಖರವಲ್ಲದಿದ್ದರೂ ಅಂದಾಜಿಗೆ ಸಾಕು.

ಎರಡನೆಯದು ದೂರ. ಬಯಲಿನಲ್ಲಿ ಶಬ್ದಮೂಲದಿಂದ ದೂರ ಎರಡು ಪಟ್ಟಾದಾಗ 6 ಡೆಸಿಬೆಲ್ ಇಳಿಯುತ್ತದೆ. ಮೂರು ಅಡಿ ದೂರದಲ್ಲಿ ನಿಂತಿದ್ದವರು ಹನ್ನೆರಡು ಅಡಿ ದೂರಕ್ಕೆ ಸರಿದರೆ ಕಿವಿಗೆ ಬೀಳುವ ಶಕ್ತಿ ಹದಿನಾರನೆಯ ಒಂದು ಭಾಗವಾಗುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಬ್ಯೂಗಲ್ ಬಾಯಿಯ ಎದುರು, ಡ್ರಮ್‌ಗಳ ನಡುವೆ, ಸ್ಪೀಕರ್ ಪೆಟ್ಟಿಗೆಯ ಪಕ್ಕ ನಿಲ್ಲಬಾರದು.

ಮೂರನೆಯದು ಕಿವಿರಕ್ಷೆ. ಹತ್ತಿ ತುರುಕಿಕೊಳ್ಳುವುದರಿಂದ ಹೇಳಿಕೊಳ್ಳುವಂತಹ ಪ್ರಯೋಜನವಿಲ್ಲ. ಔಷಧಿ ಅಂಗಡಿಯ ಫೋಮ್ ಇಯರ್‌ಪ್ಲಗ್ ಶಬ್ದವನ್ನು ತಗ್ಗಿಸುತ್ತದೆ, ಆದರೆ ಎತ್ತರದ ಸ್ವರಗಳನ್ನು ಹೆಚ್ಚು ನುಂಗುವುದರಿಂದ ಶ್ರುತಿ ತಿದ್ದುವ ಶಿಕ್ಷಕರಿಗೆ ಮಂಕೆನಿಸುತ್ತದೆ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್‌ಗಳು ಎಲ್ಲ ಸ್ವರಗಳನ್ನು ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತವೆ, 9, 15, 25 ಡೆಸಿಬೆಲ್ ತಗ್ಗಿಸುವ ಬಗೆಗಳು ದೊರೆಯುತ್ತವೆ. ಮೊದಲ ಒಂದೆರಡು ವಾರ ತಮ್ಮ ಧ್ವನಿಯೇ ತಲೆಯೊಳಗೆ ಮೊಳಗಿದಂತೆನಿಸಿ ಕಿರಿಕಿರಿಯಾಗಬಹುದು, ಆಮೇಲೆ ರೂಢಿಯಾಗುತ್ತದೆ.

ನಾಲ್ಕನೆಯದು ಮೌನ. ಜೋರು ತಾಲೀಮಿನ ದಿನ ಸಂಜೆ ಕಿವಿಗೆ ವಿಶ್ರಾಂತಿ ಬೇಕು. ಆ ದಿನ ಆರ್ಕೆಸ್ಟ್ರಾ ಬೇಡ, ಇಯರ್‌ಫೋನು ಬೇಡ. ಕಣ್ಣು ಮುಚ್ಚಿ ವಿಶ್ರಮಿಸುವಂತೆ ಕಿವಿ ಮುಚ್ಚಲು ನಮಗೆ ರೆಪ್ಪೆಯಿಲ್ಲ. ಆದುದರಿಂದ ಮೌನವನ್ನು ನಾವೇ ಹುಡುಕಿ ಕೊಡಬೇಕು.

ಆಡಳಿತ ಮಂಡಳಿಗಳಲ್ಲಿ ಒಂದು ಅರಿಕೆ

ಶಿಕ್ಷಕರೊಬ್ಬರೇ ಎಲ್ಲವನ್ನೂ ಮಾಡಲಾರರು. ನಾವು ಮೇಲೆ ಹೇಳಿದ ಶಿಕ್ಷಕರು ಮೂರು ವರ್ಷ ಶಾಲೆಯಲ್ಲಿ ವಿಷಯ ಮುಚ್ಚಿಟ್ಟಿದ್ದರು. ಕಿವಿ ಹೋದ ಸಂಗೀತ ಮಾಸ್ತರು ಯಾರಿಗೆ ಬೇಕು ಎಂಬ ಭಯ ಅವರಿಗಿತ್ತು. ಈ ಭಯವನ್ನು ನೀಗಿಸಬೇಕಾದವರು ಆಡಳಿತ ಮಂಡಳಿಯವರು. ಕಾಯಕವು ದೊಡ್ಡದೆಂದು ನಂಬಿದ ನಾಡಿನಲ್ಲಿ ಕಾಯಕ ಮಾಡುವ ಅಂಗವನ್ನು ಕಾಯುವುದೂ ದೊಡ್ಡದೇ.

ಸಂಗೀತ ಶಿಕ್ಷಕರು ಕೆಲಸಕ್ಕೆ ಸೇರಿದ ವರ್ಷವೇ ಒಂದು ಶ್ರವಣ ಪರೀಕ್ಷೆ, ಆಮೇಲೆ ವರ್ಷಕ್ಕೊಂದು ಪರೀಕ್ಷೆ ಮಾಡಿಸಬೇಕು. ಹಿಂದಿನ ರಾತ್ರಿ ಕಿವಿಗೆ ವಿಶ್ರಾಂತಿ ಕೊಟ್ಟು, ತರಗತಿಗೆ ಮೊದಲು, ಮುಂಜಾನೆ ಮಾಡಿಸುವುದು ಸೂಕ್ತ. ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜುಗಳ ಕಿವಿ, ಮೂಗು, ಗಂಟಲು ವಿಭಾಗಗಳಲ್ಲಿ ಈ ಪರೀಕ್ಷೆ ದೊರೆಯುತ್ತದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ದೊಡ್ಡ ಸಂಸ್ಥೆ ನಮ್ಮ ರಾಜ್ಯದಲ್ಲಿಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯು ಮಾರ್ಚ್ 3ನ್ನು ವಿಶ್ವ ಶ್ರವಣ ದಿನವೆಂದು ಆಚರಿಸುತ್ತದೆ. ವರ್ಷದ ಪರೀಕ್ಷೆಗೆ ಆ ದಿನವನ್ನು ಇಟ್ಟುಕೊಂಡರೆ ಮರೆಯುವುದಿಲ್ಲ.

ಬ್ಯಾಂಡಿನ ತಾಲೀಮನ್ನು ಕೋಣೆಯಿಂದ ಬಯಲಿಗೆ, ಮರದ ನೆರಳಿಗೆ ತರಬೇಕು. ಕೋಣೆಯೇ ಗತಿಯಾದರೆ ನೆಲಕ್ಕೆ ಜಮಖಾನ, ಗೋಡೆಗೆ ದಪ್ಪ ಪರದೆ ಅಥವಾ ಹಳೆಯ ಕಂಬಳಿ ಹಾಕಿಸಬೇಕು. ಕೈ ಕೂರುವವರೆಗೆ ಮಕ್ಕಳು ಡ್ರಮ್ ಬದಲು ದಪ್ಪ ರಬ್ಬರಿನ ಹಾಳೆಯ ಮೇಲೆ ಬಾರಿಸಿ ಕಲಿಯಬಹುದು. ಎರಡು ಬ್ಯಾಂಡ್ ಅವಧಿಗಳನ್ನು ಒಂದರ ಹಿಂದೆ ಒಂದು ಇಡದೆ, ನಡುವೆ ಸಂಗೀತಶಾಸ್ತ್ರದ ಪಾಠವನ್ನೋ ಸ್ವರಲೇಖನವನ್ನೋ ಇಡಬಹುದು. ಸ್ನೇಹ ಸಮ್ಮೇಳನದಲ್ಲಿ ಸ್ಪೀಕರ್‌ಗಳ ಮುಂದೆ ಪುಟ್ಟ ಮಕ್ಕಳನ್ನು ಕೂಡಿಸಬಾರದು. ಇವುಗಳಿಂದ ಕಾಯುವುದು ಶಿಕ್ಷಕರ ಕಿವಿ ಮಾತ್ರವಲ್ಲ, ಡ್ರಮ್ ಹಿಡಿದ ಮಗುವಿನ ಕಿವಿಯೂ ಹೌದು.

ನಮ್ಮ ಉತ್ತರ ಕರ್ನಾಟಕದಲ್ಲಿ ಈ ಮಾತಿಗೆ ಇನ್ನೊಂದು ತೂಕವಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ದೃಷ್ಟಿಯಿಲ್ಲದ ಪಂಚಾಕ್ಷರ ಗವಾಯಿಗಳು, ಅವರ ನಂತರ ದೃಷ್ಟಿಯಿಲ್ಲದ ಪುಟ್ಟರಾಜ ಗವಾಯಿಗಳು ಅಸಂಖ್ಯ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟರು. ಅಲ್ಲಿ ಕಲಿತ ಅನೇಕರು ನಾಡಿನ ಶಾಲೆಗಳಲ್ಲಿ ಸಂಗೀತ ಶಿಕ್ಷಕರಾದರು. ಅವರಲ್ಲಿ ಕಣ್ಣಿಲ್ಲದವರೂ ಇದ್ದಾರೆ. ಕಣ್ಣಿಲ್ಲದ ಶಿಕ್ಷಕರಿಗೆ ಕಿವಿ ಬರಿಯ ವೃತ್ತಿಯಲ್ಲ. ರಸ್ತೆ ದಾಟುವುದು, ಮನುಷ್ಯರನ್ನು ಗುರುತಿಸುವುದು, ಮಗುವಿನ ಮುಖವನ್ನು ಅರಿಯುವುದು ಎಲ್ಲವೂ ಕಿವಿಯಿಂದಲೇ. ಅಂಥವರನ್ನು ತಗಡಿನ ಕೋಣೆಯಲ್ಲಿ ಡ್ರಮ್‌ಗಳ ನಡುವೆ ನಿಲ್ಲಿಸುವ ಮೊದಲು ನಾವು ಎರಡು ಸಲ ಯೋಚಿಸಬೇಕು.

ನಮ್ಮ ಆ ಶಿಕ್ಷಕರು ಕೊನೆಗೆ ಶ್ರವಣ ಪರೀಕ್ಷೆಯ ನಕ್ಷೆಯನ್ನು ಹಿಡಿದುಕೊಂಡು ಹೋಗಿ ಮುಖ್ಯಾಧ್ಯಾಪಕರ ಮುಂದಿಟ್ಟರು. ಅವರು ಅಂಜಿದಂತೆ ಏನೂ ಆಗಲಿಲ್ಲ. ಬ್ಯಾಂಡು ಮೈದಾನಕ್ಕೆ ಬಂತು, ಕೋಣೆಗೆ ಪರದೆ ಬಂತು, ಅವರ ಕಿವಿಗೆ ರಕ್ಷೆ ಬಂತು. ಹೋದ ಶ್ರವಣ ಮರಳಲಿಲ್ಲ. ಮುಂದಿನ ವರ್ಷಗಳ ನಕ್ಷೆಗಳಲ್ಲಿ ಆ ಗೆರೆ ಹೆಚ್ಚು ಕೆಳಗೆ ಇಳಿಯಲಿಲ್ಲ, ಅಷ್ಟೇ. ನಿವೃತ್ತಿಯ ನಂತರ ಶ್ರವಣಸಾಧನ ಹಾಕಿಕೊಂಡರು. ಈಗ ಕುಕ್ಕರ್ ಸೀಟಿ ಎಣಿಸುವ ಕೆಲಸ ಅವರದೇ ಎಂದು ಮನೆಯವರು ನಗುತ್ತಾರೆ.

ಅವರ ಜಾಗಕ್ಕೆ ಬಂದ ತರುಣ ಶಿಕ್ಷಕಿ ಕೆಲಸಕ್ಕೆ ಸೇರಿದ ವಾರವೇ ನಮ್ಮ ಬಳಿ ಬಂದಿದ್ದರು. “ಗುರುಗಳು ಕಳಿಸ್ಯಾರ್ರಿ, ಕಿವಿ ತೋರಿಸ್ಕೊಂಡು ಬಾ ಅಂದಾರ” ಎಂದರು. ಕಿವಿ ಚೆನ್ನಾಗಿತ್ತು. ಈ ಸಲ ತೈಲ ಕೊಡಲಿಲ್ಲ. ಶ್ರವಣ ಪರೀಕ್ಷೆಗೆ ಚೀಟಿ ಬರೆದುಕೊಟ್ಟೆವು.

ತಮ್ಮ ಊರಿನ ಶಾಲೆಯ ಸಂಗೀತ ಶಿಕ್ಷಕರಿಗೆ ಭಕ್ತರು ಈ ಲೇಖನವನ್ನು ಓದಿ ಹೇಳಬೇಕೆಂದು ಕೋರುತ್ತೇವೆ. ಶರಣು.